ಅವಳಿಗೆ ಮಾತ್ರ ‘ಬ್ಯಾಡ’ ಅಂದ ಮನೆಗಳು

ಬತ್ತೇರಿಯವಳು ಮೊದಲ ದಿನವೇ ನನಗೆ ಸೇರಲಿಲ್ಲ. ಗುಂಡ್ಲುಪೇಟೆ ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನ ಮಹಡಿಯಲ್ಲಿ ನಮಗೆ ತರಬೇತಿ ಇಟ್ಟಿದ್ದರು. ನಾನು ಚಾಮರಾಜನಗರದಿಂದ ಮೊದಲ ಬಸ್ಸು ಹತ್ತಿ, ತೆರಕಣಾಂಬಿ ದಾಟಿ, ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದು ಕೂತಿದ್ದೆ. ಅವಳ ಮನೆ ಅಲ್ಲೇ ಊಟಿ ರಸ್ತೆಯಲ್ಲಿ, ಕೂಗಿದರೆ ಕೇಳಿಸುವಷ್ಟು ದೂರ. ಆದರೂ ಮಹಾರಾಯ್ತಿ ಬಂದದ್ದು ಅರ್ಧ ಪಾಠ ಮುಗಿದ ಮೇಲೆ. ಬಂದವಳು ‘ತಡ ಆಯ್ತು ಸಾರ್’ ಅಂತ ನಕ್ಕಳು, ಅಷ್ಟೇ. ನನ್ನ ಪೆನ್ಸಿಲ್ ಮೊಂಡಾಗಿದೆ ಅಂತ ಬೆಳಿಗ್ಗೆ ಗದರಿದ್ದ ಸೂಪರ್‌ವೈಸರ್ ಎದ್ದು ಅವಳಿಗೆ ಕುರ್ಚಿ ಎಳೆದುಕೊಟ್ಟರು. ನನ್ನ ಹೊಟ್ಟೆ ಅಲ್ಲೇ ಉರಿಯಿತು.

ಸುಲ್ತಾನ್ ಬತ್ತೇರಿಯಲ್ಲಿ ಹುಟ್ಟಿ ಬೆಳೆದವಳು. ಅಣ್ಣ ಗುಂಡ್ಲುಪೇಟೆಯಲ್ಲಿ ಲಾರಿ ಟೈರಿನ ಅಂಗಡಿ ಇಟ್ಟ ಮೇಲೆ ಅವನ ಜೊತೆ ಬಂದಿದ್ದಳು. ಕನ್ನಡ ಚೆನ್ನಾಗೇ ಬರುತ್ತಿತ್ತು, ಆದರೆ ಮಾತಿನಲ್ಲಿ ಮಲಯಾಳದ ರಾಗ. ಕಂಡ ಹೆಂಗಸರನ್ನೆಲ್ಲ ‘ಚೇಚಿ, ಚೇಚಿ’ ಅನ್ನುತ್ತಿದ್ದಳು. ಅವರ ಕಡೆ ಅಕ್ಕ ಅನ್ನುವುದಕ್ಕೆ ಹಾಗೆ. ಅಕ್ಷರವೋ, ಕೋಳಿ ಕೆದಕಿದ ಹಾಗೆ.

ನಮ್ಮಿಬ್ಬರಿಗೂ ಒಂದೇ ಕೆಲಸ, ಮನೆಮನೆಗೆ ಹೋಗಿ ಪ್ರಶ್ನೆ ಕೇಳಿ ಬರೆದುಕೊಂಡು ಬರುವುದು. ಬೆಂಗಳೂರಿನ ಒಂದು ಕಂಪನಿ ಅಂಟುವಾಳದ ಕಾಯಿಂದ ಬಟ್ಟೆ ಒಗೆಯುವ ಪುಡಿ ಮಾಡಿತ್ತು. ಕೆರೆಕಟ್ಟೆಗೆ ಕೆಡುಕಿಲ್ಲ, ಪ್ಲಾಸ್ಟಿಕ್ಕಿಲ್ಲ, ಪೊಟ್ಟಣವೂ ಕಾಗದದ್ದೇ, ತಿಪ್ಪೆಗೆ ಹಾಕಿದರೆ ಗೊಬ್ಬರ. ಆ ತೊಂಬತ್ತರ ದಶಕದಲ್ಲಿ ‘ಪರಿಸರಸ್ನೇಹಿ’ ಅನ್ನುವ ಮಾತು ಪೇಟೆಯ ಪತ್ರಿಕೆಗಳಲ್ಲಿ ಆಗತಾನೇ ಓಡಾಡುತ್ತಿತ್ತು. ಇಂಥ ಸಾಮಾನಿಗೆ ಹಳ್ಳಿ ಮತ್ತು ಸಣ್ಣ ಊರಿನ ಹೆಂಗಸರು ಏನಂತಾರೆ, ಸ್ವಲ್ಪ ಹೆಚ್ಚು ಬೆಲೆ ಕೊಟ್ಟು ಕೊಳ್ಳುತ್ತಾರಾ ಅಂತ ಕಂಪನಿಗೆ ತಿಳಿಯಬೇಕಿತ್ತು. ತಿಳಿದು ಹೇಳುವ ಕೆಲಸ ಮೈಸೂರಿನ ನಮ್ಮ ಆಫೀಸಿನದು. ಚಾಮರಾಜನಗರದ ಕಡೆ ನನಗೆ, ಗುಂಡ್ಲುಪೇಟೆಯ ಕಡೆ ಅವಳಿಗೆ.

ತರಬೇತಿ ಮುಗಿಯುವಾಗ ಸೂಪರ್‌ವೈಸರ್ ಒಂದು ಮಾತು ಅಂದರು: “ಈ ಕೆಲಸ ಮುಗಿದ ಮೇಲೆ ನಿಮ್ಮಲ್ಲಿ ಒಬ್ಬರನ್ನ ಖಾಯಂ ಮಾಡ್ಕೋತಾರೆ. ಮೈಸೂರಲ್ಲಿ. ಒಬ್ಬರನ್ನ ಮಾತ್ರ.”

ನನಗೆ ಆ ಕೆಲಸ ಬೇಕಿತ್ತು, ಬಾಯಿ ಬಿಟ್ಟು ಹೇಳುತ್ತೇನೆ, ಬೇಕೇಬೇಕಿತ್ತು. ನಮ್ಮಪ್ಪ ರಿಟೈರಾದ ಮೇಷ್ಟ್ರು. ಕೆಲಸವಿದ್ದ ದಿನಕ್ಕೆ ಮಾತ್ರ ಸಂಬಳ ಬರುವ ಈ ತಿರುಗಾಟ ಅವರಿಗೆ ಕಿಂಚಿತ್ತೂ ಹಿಡಿಸುತ್ತಿರಲಿಲ್ಲ. “ಖಾಯಂ ಆದ್ರೆ ಮೈಸೂರಿಗೆ ಹೋಗು, ಹಾಸ್ಟೆಲಲ್ಲಿರು, ನಾನು ತಡೆಯಲ್ಲ. ಇಲ್ಲ ಅಂದ್ರೆ ನಾನು ನೋಡಿರೋ ಗಂಡಿಗೆ ಒಪ್ಕೊ” ಅಂದಿದ್ದರು. ಗಂಡು ಯಾರು ಅಂತ ನಾನು ಕೇಳಿಯೂ ಇರಲಿಲ್ಲ.

ಮೊದಲ ಸುತ್ತಿಗೆ ಹರದನಹಳ್ಳಿ ಹಿಡಿದೆ. ಊರಿನ ಒಂದು ಮೂಲೆಯಿಂದ ಶುರುಮಾಡಿ ಬಲಗೈಗೆ ಸಾಗಬೇಕು, ನಡುನಡುವೆ ಮನೆಗಳನ್ನು ಬಿಟ್ಟು ಹೋಗಬೇಕು, ಗುರುತಿನವರು ಅಂತ ಹುಡುಕಿಕೊಂಡು ಹೋಗುವ ಹಾಗಿಲ್ಲ. ಬಟ್ಟೆ ಒಗೆಯುವವರನ್ನೇ ಮಾತಾಡಿಸಬೇಕು. ಬೇಸಾಯದವರು ಇಷ್ಟು, ಕೂಲಿಗೆ ಹೋಗುವವರು ಇಷ್ಟು, ಸಂಬಳದವರು ಇಷ್ಟು ಅಂತ ಲೆಕ್ಕ ಕೂಡಿಸಬೇಕು. ಮೊದಲು ಈಗ ಯಾವ ಪುಡಿ ಬಳಸುತ್ತೀರಿ, ಒಗೆದ ನೀರು ಎಲ್ಲಿಗೆ ಹೋಗುತ್ತೆ ಅಂತ ಕೇಳಿ, ಒಂದು ಪೊಟ್ಟಣ ಕೊಟ್ಟು ಬರುವುದು. ವಾರ ಕಳೆದು ಮತ್ತೆ ಹೋಗಿ, ಹೇಗಿತ್ತು, ಅಂಗಡಿಗೆ ಬಂದರೆ ತಗೋತೀರಾ ಅಂತ ಕೇಳುವುದು. ಓದು ಬಾರದವರಿಗೆ ಒಂದು ಏಣಿಯ ಚಿತ್ರ. ಮೇಲಿನ ಮೆಟ್ಟಿಲು ಅಂದರೆ ಖಂಡಿತ ತಗೋತೀನಿ, ತೀರಾ ಕೆಳಗಿನದು ಅಂದರೆ ಖಂಡಿತ ಬೇಡ. ಬೆರಳಿಟ್ಟು ತೋರಿಸಿದರೆ ಸಾಕು. ಕೊನೆಗೆ ‘ಬೇರೆ ಏನಾದರೂ?’ ಅಂತ ಕೇಳಿ, ಅವರು ಅಂದದ್ದನ್ನು ಅಂದ ಹಾಗೇ ಬರೆಯಬೇಕು. ನಾವು ಬಾಯಿಗೆ ಮಾತು ತುರುಕುವ ಹಾಗಿಲ್ಲ.

ನಮ್ಮಪ್ಪ ಆ ಊರಿನಲ್ಲಿ ಪಾಠ ಹೇಳಿದವರು. ನಾನು ಹೋದ ಕಡೆಯೆಲ್ಲ ಚಾಪೆ ಹಾಸಿದರು. ಕಾಫಿ ಬೇಡ ಅಂದರೆ ಮಜ್ಜಿಗೆ, ಮಜ್ಜಿಗೆ ಬೇಡ ಅಂದರೆ ಬೆಲ್ಲದ ಚೂರು. ಎರಡನೇ ಸುತ್ತಿಗೆ ಹೋದಾಗ ಒಬ್ಬ ಗಟ್ಟಿಗಿತ್ತಿ ಹೆಂಗಸು, ನಾನು ಏಣಿಯ ಚಿತ್ರ ತೆಗೆಯುವ ಮುಂಚೆಯೇ ಅಂದಳು: “ಚೆಂದಾಗದೆ ಕಣವ್ವ ಪುಡಿ. ಭೋ ಚೆಂದಾಗದೆ.”

“ಇಲ್ಲಿ ಬೆರಳಿಟ್ಟು ತೋರ್ಸಿ. ಮೇಲಿಂದು ಅಂದ್ರೆ...”

“ಮೇಲಿಂದೇ ಬರ್ಕೊ. ನೀನು ಒಳ್ಳೆ ಕೆಲ್ಸಕ್ಕೆ ಬಂದಿದೀಯೆ, ಕೆಳ್ಗಲ ಮೆಟ್ಲು ತೋರ್ಸಿ ಕಳುಸ್ಲಾ? ಆಯ್ತದಾ ಅದು?”

ನಾನು ಮೇಲಿನದನ್ನೇ ಬರೆದುಕೊಂಡೆ. ಬೇರೆ ಏನಾದರೂ ಅಂತ ಕೇಳಿದೆ. ಏನೂ ಇಲ್ಲ, ಚೆನ್ನಾಗದೆ. ಮುಂದಿನ ಮನೆಯಲ್ಲೂ ಚೆನ್ನಾಗದೆ. ಆ ಬೀದಿಯೆಲ್ಲ ಚೆನ್ನಾಗದೆ. ಉಮ್ಮತ್ತೂರಿಗೆ ಹೋದೆ, ಅಲ್ಲೂ ಅದೇ. ಸಂಜೆ ಬಸ್ಸಿನಲ್ಲಿ ಕೂತು ಫಾರಂಗಳನ್ನು ಮಗುಚಿ ನೋಡಿದರೆ ಎಲ್ಲವೂ ಮೇಲಿನ ಮೆಟ್ಟಿಲಲ್ಲೇ ನಿಂತಿದ್ದವು. ಮೈಸೂರಿನ ಹಾಸ್ಟೆಲಿನಲ್ಲಿ ಕಿಟಕಿ ಪಕ್ಕದ ಮಂಚವೇ ಕೇಳಬೇಕು ಅಂತ ಆಗಲೇ ನಿರ್ಧಾರ ಮಾಡಿಬಿಟ್ಟೆ.

ಫಾರಂ ಒಪ್ಪಿಸುವ ದಿನ ಅದೇ ಹೋಟೆಲಿನ ಮಹಡಿ. ಸೂಪರ್‌ವೈಸರ್ ಎರಡೂ ಕಟ್ಟನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡರು. ನನ್ನದು ಅಂಚು ಕೂಡಿಸಿ ದಾರ ಕಟ್ಟಿದ್ದು. ಅವಳದ್ದು ಎಣ್ಣೆ ಕಲೆ, ಒಂದು ಮೂಲೆ ಮಡಚಿಕೊಂಡಿತ್ತು. ಬಗ್ಗಿ ನೋಡಿದೆ. ಅವಳ ಫಾರಂಗಳಲ್ಲಿ ಕೆಳಗಿನ ಮೆಟ್ಟಿಲೇ ಕೆಳಗಿನ ಮೆಟ್ಟಿಲು. ಬೇಡ, ಬೇಡ, ಖಂಡಿತ ಬೇಡ. ಅಬ್ಬ, ಎಂಥ ಖುಷಿ ಅಂತೀರಿ! ಕೆಲಸ ಬರಲ್ಲ ಇವಳಿಗೆ, ಹೆಂಗಸರನ್ನ ಒಲಿಸಿಕೊಳ್ಳೋಕೆ ಬರಲ್ಲ ಅಂದುಕೊಂಡೆ.

ಆದರೆ ಸೂಪರ್‌ವೈಸರ್ ಫಾರಮ್ಮಿನ ಕೊನೆಯ ಪುಟಕ್ಕೆ ಬಂದರು. ಬೇರೆ ಏನಾದರೂ ಅನ್ನುವ ಜಾಗದಲ್ಲಿ ನಾನು ಬರೆದದ್ದು ಎರಡೇ ಪದ, ‘ಏನೂ ಇಲ್ಲ’. ಅವಳದು ಅಂಚಿನಲ್ಲೂ, ಹಿಂಬದಿಯಲ್ಲೂ, ಹಾಳೆ ಸಾಲದೆ ಅಡ್ಡಡ್ಡವೂ. ಅವರು ಗಟ್ಟಿಯಾಗಿ ಓದತೊಡಗಿದರು.

“‘ನೊರೇನೆ ಬರಾಕಿಲ್ಲ, ಒಗ್ದಂಗೇ ಅನ್ಸಲ್ಲ.’ ‘ಕೆರೇಲಿ ನೀರೇ ಇಲ್ಲ, ಇನ್ನು ಕೆಡಾದೇನ ಬಂತು?’ ‘ಕಾಗ್ದದ ಪೊಟ್ಣ ಬಚ್ಚಲಲ್ಲಿ ನೆಂದು ಮುದ್ದೆಯಾಯ್ತದೆ. ಪ್ಲಾಸ್ಟಿಕ್ಕಾದ್ರೆ ಆಮೇಕೆ ಕಾಳು ಕಟ್ಟಿ ಮಡಗ್ಬೋದು.’ ‘ಅಂಟ್ವಾಳ ಬುಟ್ಟು ಪುಡಿ ಕೊಂಡ್ಕಂಡಿದ್ದೇ ನಾವೂ ಒಂದೀಟು ಮ್ಯಾಕೆ ಬಂದೋ ಅಂತ ತೋರ್ಸಕೆ. ಈಗ ತಿರ್ಗಾ ಅದ್ನೇ ಜಾಸ್ತಿ ಕಾಸು ಕೊಟ್ಟು ತಕ್ಕೊ ಅಂತೀಯಲ್ಲ, ನಿನ್ ತಲೆ ನೆಟ್ಟಗದಾ?’”

ಆ ಮನುಷ್ಯ ಕಣ್ಣೊರೆಸಿಕೊಂಡು ನಕ್ಕರು. ಅವಳೂ ನಕ್ಕಳು. ಆಗಲೇ ಮಗುಚಿ ನೋಡಿ ಬದಿಗಿಟ್ಟಿದ್ದ ನನ್ನ ಕಟ್ಟು ಅಲ್ಲೇ ಬಿದ್ದಿತ್ತು. ಹೊಟ್ಟೆಕಿಚ್ಚು ಅಂದರೆ ಮಾತಿಗೆ ಹೇಳುವುದಲ್ಲ, ನಿಜಕ್ಕೂ ಎದೆಯ ಕೆಳಗೆ ಒಂದು ಜಾಗ ಸುಡುತ್ತದೆ. ಇವಳು ಅಣ್ಣನ ಅಂಗಡಿಯಲ್ಲಿ ಕೂತು ಇದನ್ನೆಲ್ಲ ಕಟ್ಟಿ ಬರೆದಿದ್ದಾಳೆ ಅಂತ ನನಗೆ ಖಾತ್ರಿಯಾಯಿತು. ಹೊರಗಿನವಳಿಗೆ ನಮ್ಮ ಹೆಂಗಸರು ಇಷ್ಟೆಲ್ಲ ಹೇಳುತ್ತಾರಾ?

ಸೂಪರ್‌ವೈಸರಿಗೂ ಅನುಮಾನ ಬಂದಿತ್ತು. “ಒಂದೇ ಪುಡಿ, ಪಕ್ಕಪಕ್ಕದ ತಾಲ್ಲೂಕು. ಅಲ್ಲಿ ಎಲ್ಲರಿಗೂ ಬೇಕು, ಇಲ್ಲಿ ಯಾರಿಗೂ ಬೇಡ. ಯಾವುದೋ ಒಂದು ತಪ್ಪಿರಬೇಕು. ಮರುತಪಾಸಣೆಗೆ ಯಾರಾದ್ರೂ...”

“ನಾನು ಹೋಗ್ತೀನಿ ಸಾರ್” ಅಂದೆ, ಅವರ ಮಾತು ಮುಗಿಯುವುದರೊಳಗೆ.

ಮರುತಪಾಸಣೆ ಅಂದರೆ ಅವಳು ಹೋಗಿದ್ದ ಮನೆಗಳಿಗೆ ಮತ್ತೊಬ್ಬರು ಹೋಗಿ, ಮುಂಚಿನ ಉತ್ತರ ಬಾಯಿಬಿಡದೆ, ಮುಖ್ಯ ಪ್ರಶ್ನೆಗಳನ್ನು ಮತ್ತೆ ಕೇಳುವುದು. ಉತ್ತರ ತಾಳೆಯಾಗದಿದ್ದರೆ ಕಟ್ಟು ಪೂರ್ತಿ ರದ್ದು, ಬರೆದವರನ್ನು ಕೆಲಸದಿಂದ ತೆಗೆಯುತ್ತಾರೆ. ಇದು ಅವಳಿಗೂ ಗೊತ್ತಿತ್ತು. “ಹೋಗಿ ಬನ್ನಿ ಚೇಚಿ, ಆ ಕೊನೇ ಮನೇಲಿ ನಾಯಿ ಇದೆ, ಜೋಪಾನ” ಅಂದಳು. ನನಗೆ ಆ ಚೇಚಿ ಅನ್ನುವುದನ್ನೂ ಸಹಿಸಲಾಗಲಿಲ್ಲ.

ಮೊದಲ ಮನೆ ಬಂಡೀಪುರದಲ್ಲಿ ಕಾಡು ಕಾಯುವ ವಾಚರ್ ಆಗಿದ್ದವರದು. ಹೆಂಡತಿ ಬಾಗಿಲಿಗೆ ಬಂದಳು. ಮೈಸೂರು ಆಫೀಸಿಂದ ಬಂದಿದ್ದೀನಿ, ಪುಡಿ ಹೇಗಿತ್ತು ಅಂದೆ. “ಚೆಂದಾಗಿತ್ತು ಕಣ್ರವ್ವ.” ಅಂಗಡಿಗೆ ಬಂದರೆ ತಗೋತೀರಾ? “ಊಂ, ತಕ್ಕತೀವಿ.” ನನ್ನ ಕೈಯಲ್ಲಿದ್ದ ಅವಳ ಫಾರಂನಲ್ಲಿ ಏನಿತ್ತು ಗೊತ್ತಾ? ‘ಖಂಡಿತ ಬೇಡ. ಚೆಲ್ಬುಟ್ಟೆ.’ ಹಾಲು ಕುಡಿದಷ್ಟು ಸಂತೋಷವಾಯಿತು. ಎರಡನೇ ಮನೆಯಲ್ಲೂ ಹಾಗೇ. ಅದರಾಚೆ ಮನೆಯಲ್ಲೂ. ಸಿಕ್ಕಿಬಿದ್ದೆಯಾ ಚೇಚಿ, ಅಂತ ಮನಸ್ಸಿನಲ್ಲೇ ಕುಣಿದೆ. ಬಿಸಿಲು ಕೂಡ ಹಿತವಾಗಿತ್ತು.

ಕೊನೆಯ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೂ ಇದ್ದರು. ನಾಯಿಯೂ ಇತ್ತು. ಅತ್ತೆ ಅವರೆಕಾಯಿ ಬಿಡಿಸುತ್ತಾ, ನನ್ನ ಮೊಕ ನೋಡಿ, ಅದೇ ಮಾತು ಅಂದಳು: “ಪುಡಿನಾ? ಭೋ ಚೆಂದಾಗಿತ್ತು.”

ಸೊಸೆ ಕಿಸಕ್ಕನೆ ನಕ್ಕಳು. “ಇದ್ಯಾಕತ್ತೆ? ಆವತ್ತು ಆ ಬತ್ತೇರಿ ಅಕ್ಕನ ತಾವ ಕಣ್ಣುರಿ ಬಂತು, ಸೀನು ಬಂತು, ತಿಪ್ಪೆಗೆ ಆಕ್ಬುಟ್ಟೆ ಅಂದಲ್ಲ?”

“ಸುಮ್ಕಿರಮ್ಮಿ!” ಅತ್ತೆ ಗದರಿದಳು. “ಇವ್ರು ಆಪೀಸಿಂದ ಬಂದವ್ರೆ. ಇವ್ರ ಮುಂದೆ ಪುಡಿ ಕೆಟ್ಟದು ಅಂದು, ಪಾಪ, ಆ ಉಡ್ಗಿ ಕೆಲ್ಸಕ್ಕೆ ಏನಾರಾ ಬಂದ್ರೆ? ಮನೆಗಂಟ ಬಂದೋರ್ಗೆ ಬ್ಯಾಡ ಅಂತ ಅನ್ನಾದುಂಟಾ?”

“ಅವಳಿಗೆ ಅಂದ್ರಲ್ಲಾ?” ಅಂದೆ.

“ಅಯ್ಯೋ, ಅವ್ಳು ನಮ್ಮುಡ್ಗಿ ಕಣವ್ವ. ಅವ್ಳಿಗೆ ಏನಂದ್ರೂ ನಡೀತದೆ.”

ನಮ್ಮುಡ್ಗಿಯಂತೆ! ಬತ್ತೇರಿಯವಳು ಇವರ ಹುಡುಗಿ, ಇಲ್ಲೇ ಹುಟ್ಟಿ ಇದೇ ಅವರೆಕಾಯಿ ತಿಂದು ಬೆಳೆದ ನಾನು ಆಫೀಸಿನವಳು. ಎದ್ದು ಬಂದೆ. ಹಿಂದಿನ ಮನೆಗಳಿಗೆ ಮತ್ತೆ ಹೋಗಿ, ಆ ಹುಡುಗಿಗೆ ಏನೂ ತೊಂದರೆಯಾಗಲ್ಲ, ನಿಜ ಹೇಳಿ ಅಂತ ಬೇಡಿಕೊಂಡೆ. ಒಬ್ಬೊಬ್ಬರಾಗಿ ಒಪ್ಪಿಕೊಂಡರು. ವಾಚರ್ ಹೆಂಡತಿ ಚೆಲ್ಲಿದ್ದ ಜಾಗವನ್ನೂ ತೋರಿಸಿದಳು. ಅವಳು ಬರೆದದ್ದೆಲ್ಲ ಅಕ್ಷರಕ್ಕೆ ಅಕ್ಷರ ದಿಟವಾಗಿತ್ತು.

ಹಾಗಾದರೆ ತಪ್ಪಿದ್ದ ಕಟ್ಟು ಯಾವುದು? ಹರದನಹಳ್ಳಿಯ ಚಾಪೆ, ಮಜ್ಜಿಗೆ, ಬೆಲ್ಲದ ಚೂರು ಒಂದೊಂದೇ ಕಣ್ಣ ಮುಂದೆ ಬಂದವು. ಮೇಷ್ಟ್ರ ಮಗಳು ಮನೆ ಬಾಗಿಲಿಗೆ ಬಂದು ಕೇಳಿದರೆ ಯಾರು ತಾನೇ ಬೇಡ ಅಂತಾರೆ? ನನ್ನನ್ನು ಆ ಕಡೆಗೆ ಹಾಕಿದ್ದೇ ನೀನು ಅಲ್ಲಿಯವಳು, ನಿನಗೆ ನಿಜ ಹೇಳುತ್ತಾರೆ ಅಂತ. ಅಲ್ಲಿಯವಳು ಅನ್ನುವ ಕಾರಣಕ್ಕೇ ಯಾರೂ ನಿಜ ಹೇಳಿರಲಿಲ್ಲ.

ಸೂಪರ್‌ವೈಸರ್ ಕೆಳಗೆ ಹೋಟೆಲಿನಲ್ಲೇ ಕಾಫಿ ಕುಡಿಯುತ್ತಾ ಕಾದಿದ್ದರು. “ಏನಾಯ್ತು? ತಾಳೆ ಆಗುತ್ತಾ?”

ತಾಳೆ ಆಗ್ತಿಲ್ಲ ಸಾರ್ ಅಂದಿದ್ದರೆ ಸಾಕಿತ್ತು. ಅದು ಸುಳ್ಳೂ ಅಲ್ಲ. ಕೇಳಿದ ಪ್ರಶ್ನೆಗೆ ಮೊದಲು ಬಂದ ಉತ್ತರ ನನ್ನ ಕೈಯಲ್ಲೇ ಇತ್ತು. ಅವಳು ಅಣ್ಣನ ಅಂಗಡಿಗೆ, ನಾನು ಮೈಸೂರಿಗೆ. ಕಾಫಿ ತರಿಸಿದರು, ಕುಡಿದೆ. ನಾಲಿಗೆ ತುದಿಗೆ ಬಂದಿತ್ತು. ಆದರೆ ನನ್ನ ಕಟ್ಟಿನ ಮೇಲೆ ನನ್ನ ಹೆಸರಿತ್ತಲ್ಲ? ಕಂಪನಿಯವರು ನನ್ನ ಮಾತು ನಂಬಿ ಲಾರಿ ತುಂಬ ಪುಡಿ ಕಳಿಸಿ, ಅದು ಅಂಗಡಿಗಳಲ್ಲಿ ಧೂಳು ಹಿಡಿದು ಕೂತರೆ, ನಮ್ಮಪ್ಪ ಪಾಠ ಹೇಳಿದ ಊರಲ್ಲೇ ಅದನ್ನು ನೋಡಿಕೊಂಡು ಓಡಾಡಬೇಕಿತ್ತು. ನಡೆದದ್ದನ್ನೆಲ್ಲ ಹೇಳಿದೆ. ಹೇಳಿ, “ಹರದನಹಳ್ಳಿಗೆ ಅವಳನ್ನೂ ಒಂದ್ಸಲ ಕಳ್ಸಿ ಸಾರ್” ಅಂದೆ.

ಇದನ್ನು ದೊಡ್ಡತನ ಅಂತ ಯಾರೂ ತಿಳಿಯಬೇಡಿ. ಹರದನಹಳ್ಳಿಯಲ್ಲಿ ಅವಳಿಗೂ ಚೆನ್ನಾಗದೆ ಅಂತಲೇ ಹೇಳಲಿ, ಅಲ್ಲಿಯ ಜನವೇ ಹಾಗೆ ಅಂತ ಗೊತ್ತಾಗಲಿ, ಇಬ್ಬರೂ ಸಮ ಆಗಲಿ ಅಂತ ಒಳಗೊಳಗೇ ಆಸೆ ಇತ್ತು.

ಮನೆ ತೋರಿಸಲು ನಾನೇ ಜೊತೆಗೆ ಹೋದೆ. ಒಳಗೆ ಹೋಗುವ ಹಾಗಿರಲಿಲ್ಲ, ಆ ಗಟ್ಟಿಗಿತ್ತಿಯ ಪಕ್ಕದ ಮನೆಯ ಜಗಲಿಯ ಮೇಲೆ ಕೂತೆ. ಇವಳು ಹೋದವಳು ಚಾಪೆಯನ್ನೂ ಕಾಯಲಿಲ್ಲ, ಒಗೆಯುವ ಕಲ್ಲಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತಳು. “ಚೇಚಿ, ಈ ಪುಡಿಗೆ ನಂಗೂ ಕೈ ಉರೀತು, ನಿಮ್ಗೆ?” ಅನ್ನುತ್ತಾಳೇನೋ ಅಂತ ಕಿವಿಗೊಟ್ಟೆ. ಹಾಗಂದಿದ್ದರೆ ನಿಯಮ ಮುರಿದಳು ಅಂತ ಹಿಡಿದುಹಾಕಬಹುದಿತ್ತು. ಇಲ್ಲ, ಫಾರಂನಲ್ಲಿದ್ದದ್ದನ್ನೇ ಕೇಳಿದಳು, ಒಂದು ಪದ ಹೆಚ್ಚಿಲ್ಲ ಕಡಿಮೆಯಿಲ್ಲ. ಆದರೂ ಆ ಹೆಂಗಸು ಗಹಗಹಿಸಿ ನಕ್ಕು, “ತೂ, ಬ್ಯಾಡ ತಾಯಿ! ಬುಟ್ಟಿಗಟ್ಲೆ ಅಂಟ್ವಾಳ ನಮ್ಮ್ ಇತ್ಲಲ್ಲೇ ಉದ್ರಿ ಬಿದ್ದದೆ, ಯಾರೂ ಮೂಸಾಕಿಲ್ಲ” ಅಂದಳು. ಕೆಳಗಿನ ಮೆಟ್ಟಿಲಿಗೂ ಕೆಳಗೆ ಒಂದು ಇದ್ದಿದ್ದರೆ ಅಲ್ಲೇ ಬೆರಳಿಡುತ್ತಿದ್ದಳು. ಬೀಳ್ಕೊಡಲು ಹೊರಗೆ ಬಂದವಳು ಜಗಲಿಯ ಮೇಲೆ ನನ್ನನ್ನು ಕಂಡು ಸೆರಗು ಬಾಯಿಗಿಟ್ಟುಕೊಂಡಳು.

“ಅಯ್ಯೋ ಶಿವನೇ, ಮೇಷ್ಟ್ರ ಮಗ್ಳು! ಇಲ್ಲೇ ಇದ್ದಿಯಾ? ಪುಡಿ ಚೆಂದಾಗೇ ಅದೆ ಕಣವ್ವ, ನಾನು ತಮಾಸೆಗಂದೆ.”

ನನ್ನ ಕಟ್ಟು ರದ್ದಾಯಿತು. ಅವಳು ಹೊಸದಾಗಿ ತುಂಬಿದ ಫಾರಂಗಳು ಮೈಸೂರಿಗೆ ಹೋದವು. ಆ ಪುಡಿ ನಮ್ಮ ಕಡೆ ಅಂಗಡಿಗೆ ಬರಲಿಲ್ಲ. ಖಾಯಂ ಆದದ್ದು ಅವಳು. ಚಾಮರಾಜನಗರದ ಬಸ್‌ಸ್ಟ್ಯಾಂಡಿನಲ್ಲಿ ಸೂಪರ್‌ವೈಸರ್ ನಮ್ಮಿಬ್ಬರ ಎದುರೇ ಹೇಳಿದರು. ನನ್ನ ಕಡೆ ತಿರುಗಿ, “ನೀವು ನಿಜ ಹೇಳಿದ್ದು ದೊಡ್ಡದು, ಮುಂದಿನ ಪ್ರಾಜೆಕ್ಟಿಗೂ ಕರೀತೀವಿ” ಅಂತ ಸೇರಿಸಿದರು. ಮುಂದಿನದಕ್ಕೂ ಕೆಲಸವಿದ್ದ ದಿನದ ಸಂಬಳವೇ. ಒಳ್ಳೇದು ಸಾರ್ ಅಂದೆ. ಅವಳ ಜಡೆ ಹಿಡಿದು ಎಳೆಯಬೇಕು ಅನ್ನಿಸುತ್ತಿತ್ತು.

ಅವಳ ಬಸ್ಸಿಗೆ ಹೊತ್ತಿತ್ತು. ಬಾಯಿಮಾತಿಗೆ ಊಟಕ್ಕೆ ಬಾ ಅಂದೆ. ಬಂದೇಬಿಟ್ಟಳು. ಅಪ್ಪ ಮನೆಯಲ್ಲಿರಲಿಲ್ಲ. ಅವಳು ನೆಟ್ಟಗೆ ಅಡುಗೆಮನೆಗೆ ಹೋಗಿ ಅವ್ವನ ಪಕ್ಕ ಕೂತು ಕಾಯಿ ತುರಿಯತೊಡಗಿದಳು. ನಾನು ನಡುಮನೆಯಲ್ಲಿ ಎಲೆ ಒರೆಸುತ್ತಿದ್ದೆ. ಮಿಕ್ಕಿದ್ದ ಒಂದು ಪೊಟ್ಟಣವನ್ನು ಅವ್ವನಿಗೂ ಕೊಟ್ಟಿದ್ದೆ. ಒಗೆದು, ಬಟ್ಟೆ ಮಲ್ಲಿಗೆ ಹಂಗಾಯ್ತು ಅಂದಿದ್ದಳು. ಈಗ ಒಳಗಿಂದ ಅವ್ವನ ಮಾತು ಕೇಳಿಸಿತು.

“ಆ ಪುಡಿನಾ? ಅಯ್ಯೋ, ಮಸಿಬಟ್ಟೆಯ ಮಸೀನೂ ಓಗ್ಲಿಲ್ಲ ಕಣಮ್ಮಿ. ಎಮ್ಮೆ ಮೈ ತೊಳ್ಯಕೆ ಆಕ್ಬುಟ್ಟೆ. ನಮ್ಮುಡ್ಗಿಗೆ ಏಳ್ಬ್ಯಾಡ.”

ಎಲೆ ಅಲ್ಲೇ ಬಿಟ್ಟು ಬಾಗಿಲಿಗೆ ಹೋದೆ. “ಅವ್ವ, ಹರದನಹಳ್ಳಿಯೋರು ಬಿಡು, ಅವ್ರಿಗೆ ನಾನು ಮೇಷ್ಟ್ರ ಮಗಳು. ನೀನ್ಯಾಕೆ ನಂಗೆ ಹೇಳ್ಲಿಲ್ಲ?”

ಅವ್ವ ಬೆಚ್ಚಿದಳು. ಆಮೇಲೆ ಸೌಟು ಕೆಳಗಿಟ್ಟು, ಇನ್ನು ಮುಚ್ಚಿಟ್ಟು ಏನು ಮಾಡೋದು ಅನ್ನುವ ಹಾಗೆ ನನ್ನನ್ನೇ ನೋಡಿದಳು.

“ಮೇಷ್ಟ್ರ ಮಗ್ಳು ಅಂತಲ್ಲ ಕಣಮ್ಮಿ. ಚಿಕ್ಕೋಳಿದ್ದಾಗಿಂದ್ಲೂ ನಿನ್ಗೆ ಬ್ಯಾಡ ಅಂದ್ರೆ ನಿನ್ ಮೊಕ ಇಷ್ಟಾಗೋಯ್ತದೆ. ನೋಡಕಾಗಲ್ಲ. ಈ ಉಡ್ಗಿಗೆ ಬ್ಯಾಡ ಅಂದ್ರೆ ನಗ್ತಾಳೆ, ಅದ್ಕೆ ಎಲ್ರೂ ಅಂತಾರೆ.” ನನ್ನ ಮೊಕದ ಕಡೆ ಕೈ ತೋರಿಸಿ, “ನೋಡು, ಈಗ್ಲೂ ಅಂಗೇ ಆಯ್ತು” ಅಂದಳು.

ಬತ್ತೇರಿಯವಳು ತಿರುಗಿ ನನ್ನ ಮೊಕ ನೋಡಿ, ತಡೆಯಲಾರದೆ ನಕ್ಕುಬಿಟ್ಟಳು. ಅವ್ವನೂ ನಕ್ಕಳು. ನಾನೂ ನಗಬೇಕು ಅಂತ ನೋಡಿದೆ, ಬರಲಿಲ್ಲ.